ಹೆಪ್ಪು ಒಯ್ದವಳು

ನಾಗವ್ವನ ಮನೆಯ ಬಾಗಿಲಿಗೆ ವಿಮಾ ಕಂಪನಿಯವರು ಕಿವಿ, ಬಾಯಿ ಎರಡನ್ನೂ ಇಟ್ಟಿದ್ದರು. ಕಳ್ಳರು ಹಿತ್ತಾಳೆ ಹಂಡೆ ಒಯ್ದಾಗ ಆಕೆ ಬಾಗಿಲಿಗೆ ದೂರು ಹೇಳಿದಳು. ರಸೀದಿ ಇಲ್ಲವೆಂದು ಪರಿಹಾರ ಬರಲಿಲ್ಲ. ಆದರೆ ದೂರು ದಾಖಲಾಗಿ, ಬಾಗಿಲು ಒಳಗೆ ಬಿಡುವ ಹೊರಗಿನವರ ಪಟ್ಟಿ ಹನ್ನೊಂದರಿಂದ ನಾಲ್ಕಕ್ಕೆ ಇಳಿಯಿತು. ಹೊಲಿಗೆ ಯಂತ್ರ ಹೋದಾಗಲೂ ಹಾಗೆಯೇ ಆಯಿತು. ಕೊನೆಗೆ ಉಳಿದದ್ದು ಪಕ್ಕದ ಮನೆಯ ಈರವ್ವನ ಹೆಸರೊಂದೇ.

ವಿಮೆ ನವೀಕರಣದ ಬೆಳಿಗ್ಗೆ ನಾಗವ್ವ ಜೋಳ ಹಸನು ಮಾಡುತ್ತ ಕೂತಿದ್ದಳು. ಬಾಗಿಲು ಕೇಳಿತು: "ಈ ವರ್ಷ ಯಾರಾದರೂ ಏನನ್ನಾದರೂ ಒಯ್ದಿದ್ದಾರೆಯೇ?"

"ಒಯ್ಯಾಕ ಏನ್ ಉಳದೈತೋ ಯಪ್ಪಾ? ಈರವ್ವ ದಿನಾ ಒಂದ್ ಚಮಚಾ ಹೆಪ್ಪು ಒಯ್ತಾಳ, ಅಷ್ಟ" ಎಂದು ನಾಗವ್ವ ನಕ್ಕಳು.

"ಮೂರನೆಯ ಕಳವು ದಾಖಲಾಗಿದೆ. ಹೆಪ್ಪಿಗೆ ಪರಿಹಾರವಿಲ್ಲ. ಇನ್ನು ಪ್ರವೇಶ ಮನೆಯೊಡತಿಗೆ ಮಾತ್ರ."

"ಏ, ಅದು ಕಳವಲ್ಲೋ! ನಾನ ಕೊಟ್ಟದ್ದು!"

"ವಿಮೆ ನವೀಕರಣವಾಗಿದೆ" ಎಂದಿತು ಬಾಗಿಲು.

ಸಂಜೆ ಈರವ್ವ ಬಟ್ಟಲು ಹಿಡಿದು ಬಂದಳು. "ಈರವ್ವ. ಹೆಪ್ಪು ಕಳವು. ಪ್ರವೇಶವಿಲ್ಲ" ಎಂದಿತು ಬಾಗಿಲು, ಓಣಿಗೆಲ್ಲ ಕೇಳುವಂತೆ.

"ಯಕ್ಕಾ, ನಾ ಕಳ್ಳಿ ಅಂತ ಹೇಳೀಯೇನ ಇದರ ಮುಂದ?"

ನಾಗವ್ವ ಎದ್ದು ಹೊರಗೆ ಬರುವಷ್ಟರಲ್ಲಿ ಈರವ್ವನ ಮನೆಯ ಬಾಗಿಲು ಹಾಕಿತ್ತು. ಆಕೆ ಬಿಟ್ಟುಹೋದ ಖಾಲಿ ಬಟ್ಟಲು ನಾಗವ್ವನ ಕಟ್ಟೆಯ ಮೇಲೆ ಇತ್ತು. ಅದಕ್ಕೆ ಒಂದು ಚಮಚ ಹೆಪ್ಪು ಹಾಕಿ, ತಟ್ಟೆ ಮುಚ್ಚಿ, ಅಲ್ಲಿಯೇ ಇಟ್ಟಳು.

ಮರುದಿನ ತಟ್ಟೆ ತೆಗೆದು ನೋಡಿದಳು. ಹೆಪ್ಪು ಒಣಗಿ ಬಟ್ಟಲಿಗೆ ಹತ್ತಿಕೊಂಡಿತ್ತು. ಅದನ್ನು ತಿಕ್ಕಿ ತೊಳೆದು, ಹೊಸ ಹೆಪ್ಪು ಹಾಕಿ, ಮತ್ತೆ ಕಟ್ಟೆಯ ಮೇಲಿಟ್ಟಳು.