ಹುಳಿ ದ್ರಾಕ್ಷಿಯ ಅರ್ಥ

ಒಣದ್ರಾಕ್ಷಿಯ ಡಬ್ಬಿ ತೆರೆದಾಗಲೆಲ್ಲ ಐಗಳಿ ಊರಿನ ನಮ್ಮ ದ್ರಾಕ್ಷಿ ಒಣಗಿಸುವ ಶೆಡ್ಡಿನ, ಗಂಧಕದ ಹೊಗೆ ಬೆರೆತ ಸಿಹಿ ವಾಸನೆ ಮೂಗಿಗೆ ಬರುತ್ತದೆ.

ನಾನು ಹೈಸ್ಕೂಲಿನಲ್ಲಿದ್ದಾಗಿನ ಒಂದು ಸಂಜೆ; ಮರುದಿನ ಇಂಗ್ಲಿಷ್ ಪರೀಕ್ಷೆಯಿತ್ತು. ನುಡಿಗಟ್ಟುಗಳ ಪಾಠವನ್ನು ತೊಡೆಯ ಮೇಲಿಟ್ಟುಕೊಂಡೇ ನಾನು ಚಿಕ್ಕಮ್ಮನ, ಅಂದರೆ ನಮ್ಮ ಚಿಗವ್ವನ ಜೊತೆ ಒಣದ್ರಾಕ್ಷಿಯ ಕಡ್ಡಿ ಆರಿಸುತ್ತಿದ್ದೆ. ಚಿಗವ್ವನಿಗೆ ನಾಲ್ಕನೆಯ ಇಯತ್ತೆಗೇ ಶಾಲೆ ಬಿಡಿಸಿದ್ದರು.

“ಹುಡುಗ್ಯಾರಿಗೆ ಸಾಲಿ ಯಾಕ ಬೇಕ? ಕಲ್ತವ್ರು ಏನ ಗಳಿಸ್ಯಾರ?” ಎಂದು ಅವಳು ಎಂದಿನಂತೆ ಗೊಣಗಿದಳು.

ನಾನು ಗಟ್ಟಿಯಾಗಿ ಓದಿದೆ: “ಸೌರ್ ಗ್ರೇಪ್ಸ್.”

“ಹಂಗಂದ್ರ?”

“ಹುಳಿ ದ್ರಾಕ್ಷಿ. ತನಗ ಬೇಕಾಗಿದ್ದು ಸಿಗಲಿಲ್ಲಂದ್ರ, ಅದು ಚಲೋನ ಇಲ್ಲ ಅನ್ನೂದು.”

ಅವಳ ಕೈ ನಿಂತಿತು. ಅಂಟು ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡು ನನ್ನ ಬುಟ್ಟಿಯನ್ನು ತನ್ನತ್ತ ಎಳೆದುಕೊಂಡಳು.

“ಇದನ್ನ ನಾ ಮಾಡ್ತೀನಿ. ನೀ ಮುಂದಿಂದು ಓದು.”

ನನ್ನ ಶಾಲೆ ಮುಗಿಯುವವರೆಗೂ ನನ್ನ ಪಾಲಿನ ಬುಟ್ಟಿ ಅವಳ ಮುಂದೆಯೇ ಇರುತ್ತಿತ್ತು.