ಯಂಕವ್ವನ ತುಂಬಿದ ಮನೆ

ಮನೆಮನೆಗೂ ಹೋಗಿ ಪ್ರಶ್ನೆ ಕೇಳಿ ಬರೆದುಕೊಳ್ಳುವ ಕಾಗದದವಳು ಓಣಿಯ ತುದಿಯ ಮನೆಗೆ ಬಂದಿದ್ದಾಳೆಂದು ಕೇಳಿದ್ದೇ ತಡ, ಯಂಕವ್ವ ನಾಲ್ಕು ಜೊತೆ ಚಪ್ಪಲಿಗಳನ್ನು ಹೊಸ್ತಿಲಾಚೆ ಚೆಲ್ಲಿದಳು. ಎಲ್ಲವೂ ಎದುರುಮನೆಯ ಲಾಲಬೀಯಿಂದ ಕಡ ತಂದವು. ಹಗ್ಗದ ಮೇಲಿನ ಗಂಡಸರ ಅಂಗಿಯೂ ಅವರದೇ. ಇಬ್ಬರೂ ಮಾತಾಡಿದ್ದು ಆರು ತಿಂಗಳಲ್ಲಿ ಇದೇ ಮೊದಲು.

"ಖರೇನ ಹಿಡಕೊಂಡು ಒಯ್ತಾರೇನ ಯಂಕವ್ವಾ?" ಲಾಲಬೀ ಕೇಳಿದಳು.

"ಗ್ವಾಡಿ ಕೂಡ ಮಾತಾಡ್ತೀನಂತ ಓಣಿಗೆಲ್ಲಾ ಗೊತ್ತೈತಿ. ಒಬ್ಬಾಕಿನ ಅಂತ ಬರಕೊಂಡ್ರ ಮುಗೀತು. ಧಾರವಾಡದ ಬಸ್ಸ."

"ಹಂಗಾದ್ರ ಮದಲ ನಮ್ಮ ಮನಿಯವ್ರನ್ನ ಒಯ್ಬೇಕು. ಅವರು ಗ್ವಾಡಿ ಕೂಡಾನೂ ಜಗಳಾಡ್ತಾರ."

ಯಂಕವ್ವ ನಗಲಿಲ್ಲ. ಯಲಬುರ್ಗಾದ ದವಾಖಾನೆಯಲ್ಲಿ ಇಪ್ಪತ್ತೆರಡು ವರ್ಷ ಆಯಾ ಆಗಿದ್ದವಳು. ಹೀಗೆಯೇ ಪ್ರಶ್ನೆ ಕೇಳಿ, ಕಾಗದ ತುಂಬಿ, ಇಬ್ಬರನ್ನು ಧಾರವಾಡದ ಹುಚ್ಚಾಸ್ಪತ್ರೆಗೆ ಕಳಿಸಿದ್ದನ್ನು ಕಂಡಿದ್ದಳು. ಒಬ್ಬಳು ಗೇಟು ಹಿಡಿದು ನಿಂತಾಗ ಬೆರಳು ಬಿಡಿಸಿದವಳು ಇವಳೇ.

ಬಂದವಳು ಇನ್ನೂ ಹುಡುಗಿ. ಹೆಸರು ವಿರೂಪಾಕ್ಷಮ್ಮ. ಚಾಪೆಯ ಮೇಲೆ ಕೂತು ಕೇಳತೊಡಗಿದಳು.

"ಈ ವಾರ ಮನಿಗೆ ಎಷ್ಟು ಮಂದಿ ಬಂದಿದ್ರು, ಅಜ್ಜಿ?"

"ಎಣಿಸಾಕ ಹೊತ್ತೆಲ್ಲೈತಿ? ಹೊರಗ ಚಪ್ಪಲಿ ನೋಡಿದಿಲ್ಲ?"

"ಜ್ವರ ಬಂದ್ರ ಯಾರು ನೋಡ್ಕೊತಾರ್ರಿ?"

"ನಾ ಮುಂದ, ನೀ ಮುಂದ ಅಂತಾರ."

"ನಾನಂತೂ ದಿನಾ ಇಲ್ಲೇ ಬಿದ್ದಿರ್ತೀನ್ರಿ," ಬಾಗಿಲಲ್ಲಿ ನಿಂತ ಲಾಲಬೀ ಸೇರಿಸಿದಳು.

"ಸುಮ್ಸುಮ್ನ ಅಳು ಬರತೈತೇನ್ರಿ?"

ಯಂಕವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಅರವತ್ತನೇ ವಯಸ್ಸಿನಲ್ಲಿ ನಿವೃತ್ತಿಯಾದ ಮೇಲೆ ಈ ಒಂಬತ್ತು ವರ್ಷಗಳಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ನಿನ್ನೆಯೂ ಅತ್ತಿದ್ದಳು; ಸೆರಗು ಕಚ್ಚಿಕೊಂಡು, ಓಣಿಗೆ ಕೇಳದಂತೆ. ಹುಡುಗಿ ಬರೆಯುವುದನ್ನು ನಿಲ್ಲಿಸಿ ಅವಳ ಮುಖವನ್ನೇ ನೋಡುತ್ತಿದ್ದಳು. ಆ ಕೈ ಹಿಡಿದು ಎಲ್ಲ ಹೇಳಿಬಿಡಬೇಕು ಅನ್ನಿಸಿತು. ಹಿಡಿದರೆ, ಬೆರಳು ಬಿಡಿಸುವವರು ಬರುತ್ತಾರೆ.

"ನಗಾಕ ಹೊತ್ತು ಸಾಲವಲ್ದು ನನಗ," ಎಂದಳು.

ವಿರೂಪಾಕ್ಷಮ್ಮ ಕಾಗದದ ಮೇಲೆ ಉದ್ದಕ್ಕೂ ಒಂದು ಗೆರೆ ಎಳೆದಳು. ಯಂಕವ್ವ ತಡೆಹಿಡಿದ ಉಸಿರು ಬಿಟ್ಟಳು.

"ನನ್ನ ಹೆಸರು ಹೊಡದು ಹಾಕಿದಿ, ಹೌದಿಲ್ಲೊ ತಂಗಿ?"

"ಹಾಕಿದ್ನಿರಿ ಅಜ್ಜಿ. ಯಾಕ ಕೇಳ್ತೀನಂತ ಮದಲ ಹೇಳಿದ್ರ ಮಂದಿ ಸುಳ್ಳು ಹೇಳ್ತಾರ, ಹೇಳಬ್ಯಾಡ ಅಂತ ಮ್ಯಾಲಿನವ್ರು ಅಂದಿದ್ರು. ಒಬ್ಬೊಬ್ಬರ ಇದ್ದವರ ಮನಿಗೆ ದಿನಾ ಸಂಜಿಕ ಹೋಗಿ, ಮಾತಾಡ್ಕೋತ ಕೂಡಾಕ ನನ್ನ ನೇಮಿಸ್ಯಾರ."