ದಾಸವಾಳ ಬಿಡಲಿ

ದೇವಿಯ ಬಲಗಡೆಯಿಂದ ಹೂ ಬಿದ್ದರೆ ವಾರಿಜ ಮತ್ತೆ ಮದುವೆಯಾಗಬಹುದು. ಎಡಗಡೆಯಿಂದ ಬಿದ್ದರೆ ಆ ಮಾತನ್ನು ಇನ್ನೆಂದೂ ಎತ್ತಬಾರದು. ಅತ್ತೆ ಅಷ್ಟಕ್ಕೇ ನಿಲ್ಲಿಸಲಿಲ್ಲ.

"ಅಂಗಡಿ ಹೂವಲ್ಲಿ ಕೇಳಲ್ಲ. ನನ್ನ ಮಗ ನೆಟ್ಟ ದಾಸವಾಳ ಬಿಡ್ಲಿ, ಆಮೇಲೆ ನೋಡೋಣ."

ಮಗ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಈ ಬಾಡಿಗೆ ಮನೆಗೆ ಬಾಲ್ಕನಿಯಿಲ್ಲ. ಕುಂಡ ಒಳಗೆ ಬಂದ ಮೇಲೆ ಗಿಡ ಒಂದು ಮೊಗ್ಗನ್ನೂ ಬಿಟ್ಟಿರಲಿಲ್ಲ. ವಾರಿಜ ಒಣರೆಂಬೆ ಕತ್ತರಿಸಿದಳು, ಬಾಳೆಸಿಪ್ಪೆ ನೆನೆಸಿದ ನೀರು ಹಾಕಿದಳು. ಬೆಳಿಗ್ಗೆ ಅಡುಗೆಮನೆಯ ಕಿಟಕಿಗೆ, ಮಧ್ಯಾಹ್ನ ಹಜಾರಕ್ಕೆ, ಬಿಸಿಲು ಹೋದಲ್ಲೆಲ್ಲ ಕುಂಡವನ್ನು ಹೊತ್ತು ತಿರುಗಿದಳು.

"ಅವಸರ ನಿನಗೆ, ಗಿಡಕ್ಕಲ್ಲ," ಎಂದು ಅತ್ತೆ ಕುಟುಕಿದರು.

ವಾರಿಜಳನ್ನು ಮದುವೆಗೆ ಕೇಳಿದ್ದ ಗುಮಾಸ್ತನಿಗೆ ಬಳ್ಳಾರಿಗೆ ವರ್ಗವಾಗಿತ್ತು. ಶುಕ್ರವಾರ ಸಂಜೆ ಹೊರಡುವ ಮುಂಚೆ ಉತ್ತರ ಬೇಕೆಂದಿದ್ದ.

ಆ ಶುಕ್ರವಾರ ಬೆಳಿಗ್ಗೆ ಒಂದೇ ಒಂದು ಹೂ ಅರಳಿತು.

ಅತ್ತೆ ಸ್ನಾನ ಮುಗಿಸಿ ಬಂದರು. ದೀಪ ಹಚ್ಚಿ, ಹೂವನ್ನು ದೇವಿಯ ಕಿರೀಟದ ನಡುವೆ ಇಟ್ಟು, ಕಣ್ಣು ಮುಚ್ಚಿ ಕುಳಿತರು. ವಾರಿಜ ಹಿಂದೆ ಕುಳಿತಳು. ಅರ್ಧ ಗಂಟೆಯಾದರೂ ಹೂ ಅಲುಗಲಿಲ್ಲ. ಕೊನೆಗೆ ಕೊಂಚ ಅಲುಗಿ, ಮೆಲ್ಲಗೆ ದೇವಿಯ ಎಡಕ್ಕೆ ವಾಲಿ, ಅಲ್ಲೇ ನಿಂತಿತು.

"ಬಿಡಿ ಅತ್ತೆ," ಎಂದಳು ವಾರಿಜ. "ನಿಮ್ಮ ಮಗನಿಗೆ ಇಷ್ಟ ಇಲ್ಲ ಅನ್ಸತ್ತೆ. ನಾನು ಏಳ್ತೀನಿ."

ಅತ್ತೆ ಒಂದು ಕಣ್ಣು ತೆರೆದು ಹೂವನ್ನು ನೋಡಿದರು.

"ಏಳು. ಎದ್ದು ಆ ಟೇಬಲ್ ಫ್ಯಾನ್ ತಂದು ದೇವಿಯ ಎಡಗಡೆ ಇಡು."